ಎರಡೂವರೆ ಕೂಗು

"ನಾಲಗೆ ತೋರ್ಸಿ" ಅಂದಳು ನನ್ನ ಹೆಂಡತಿ.

ಐವತ್ತೇಳು ದಾಟಿದ ಗಂಡನಿಗೆ ಹೆಂಡತಿ ಹೀಗೆ ಹೇಳುವುದು ಕದ್ದು ಏನನ್ನೋ ತಿಂದಿದ್ದಾನೆ ಅಂತ ಅನುಮಾನ ಬಂದಾಗ ಮಾತ್ರ. ತೋರಿಸಿದೆ. ಕಡುನೀಲಿಯಾಗಿತ್ತು.

"ನೇರಳೆ ಹಣ್ಣಿನ ಕಾಲ ಮುಗೀತಲ್ರೀ?"

ಮುಗಿದಿತ್ತು. ನನ್ನ ನಾಲಗೆಯ ಮೇಲಿದ್ದದ್ದು ಕ್ರಿಸ್ತಪೂರ್ವ 326ರ ಬಿಲ್ಲುಗಾರನೊಬ್ಬನ ಗಡ್ಡ.

ಅಲೆಕ್ಸಾಂಡರನ ನೌಕಾಪತಿ ನಿಯರ್ಕಸ್ ನಮ್ಮ ದೇಶದ ಗಂಡಸರು ಗಡ್ಡಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು ಅಂತ ಹೇಳಿದ್ದನ್ನು ಏರಿಯನ್ ತನ್ನ 'ಇಂಡಿಕಾ'ದಲ್ಲಿ ಬರೆದಿಟ್ಟಿದ್ದಾನೆ. ಬೆಳ್ಳಗೆ ಕೆಲವರು, ನೀಲಿ ಕೆಲವರು, ಕೆಂಪು, ನೇರಳೆ, ಹುಲ್ಲಿನ ಹಸಿರು ಕೂಡ. ಇಂಥ ಸಾಲೊಂದು ಕಣ್ಣಿಗೆ ಬಿದ್ದರೆ ನನ್ನಂಥವನಿಗೆ ಆ ರಾತ್ರಿ ನಿದ್ದೆಯಿಲ್ಲ. 28 ಮಿಲಿಮೀಟರ್ ಎತ್ತರದ ಲೋಹದ ಬಿಲ್ಲುಗಾರನ ಗಡ್ಡಕ್ಕೆ ನೀಲಿ ಹಚ್ಚಬೇಕಾದರೆ ಬ್ರಷ್ಷಿನ ತುದಿ ಸೂಜಿಯಾಗಬೇಕು. ತುದಿ ಸೂಜಿಯಾಗಬೇಕಾದರೆ, ಸೂಜಿಗೆ ಪೋಣಿಸುವ ಮೊದಲು ದಾರವನ್ನು ಬಾಯಲ್ಲಿ ಎಳೆಯುತ್ತಾರಲ್ಲ, ಹಾಗೆ ತುಟಿಯ ನಡುವೆ ಎಳೆಯಬೇಕು. ಮಾಡಬಾರದ ಕೆಲಸ. ಈ ಚಟಕ್ಕೆ ಬಿದ್ದವರೆಲ್ಲ ಮಾಡುತ್ತಾರೆ.

ನನಗಿದು ಅಂಟಿದ್ದು ನಾಟಿಂಗ್‌ಹ್ಯಾಮ್‌ನಲ್ಲಿ. ಅಲ್ಲಿ ಓದುತ್ತಿದ್ದ ಮಗಳನ್ನು ನೋಡಲು ಹೋಗಿದ್ದೆ. ಪುಟಾಣಿ ಸಿಪಾಯಿಗಳ ಮಟ್ಟಿಗೆ ಆ ಊರು ನಮ್ಮ ಚನ್ನಪಟ್ಟಣ; ತಯಾರಿಸುವವರೆಲ್ಲ ಅಲ್ಲೇ ಸುತ್ತಮುತ್ತ ಬೀಡುಬಿಟ್ಟಿದ್ದಾರೆ. ಮಳೆ ಬಂತೆಂದು ಒಂದು ಹಾಲ್‌ನೊಳಗೆ ನುಗ್ಗಿದೆ. ಆರಡಿ ಮೇಜು, ಮೇಲೆ ಹಸಿರು ಬಟ್ಟೆ, ಆ ಕಡೆ ರೋಮ್, ಈ ಕಡೆ ಕಾರ್ಥೇಜ್, ಸುತ್ತಲೂ ಎಪ್ಪತ್ತು ದಾಟಿದ ಅಜ್ಜಂದಿರು. ಒಬ್ಬ ದಾಳ ಎಸೆದ. ಇನ್ನೊಬ್ಬನ ಆನೆ ಸತ್ತಿತು. ಎಸೆದವನು "ಸಾರಿ" ಅಂದ, ಮನಸಾರೆ ಅಂದ. ಆನೆಯ ಯಜಮಾನ ಅದನ್ನು ಕರವಸ್ತ್ರದಲ್ಲಿ ಸುತ್ತಿ ಡಬ್ಬಿಯೊಳಗೆ ಮಲಗಿಸಿ ಮೂಗೊರೆಸಿಕೊಂಡ. ಮೂಗಿಗೆ ಬೇರೆ ಕರವಸ್ತ್ರ ಇಟ್ಟಿದ್ದ ಅನ್ನುವುದನ್ನು ಗಮನಿಸಿದೆ. ಇವರು ನನ್ನ ಜನ ಅನ್ನಿಸಿಬಿಟ್ಟಿತು.

ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ, ಒಳಬನಿಯನ್ನುಗಳ ನಡುವೆ, ಆನೆ ಸಮೇತ ಪೋರಸ್ ಮಹಾರಾಜ ಬಂದ. ಆಮೇಲೆ ಬೇಕಾದವರನ್ನು ಅಂಚೆಯಲ್ಲಿ ತರಿಸಿದೆ. ಎರಡು ಅಂಗುಲದ ಕುದುರೆಗೂ ಆಮದು ಸುಂಕ ಇದೆಯೆಂದು ಆಗ ಗೊತ್ತಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅನ್ನುವ ಗಾದೆ ಗೊತ್ತಿದ್ದೂ ಹೇಳಿಕೊಂಡೆ. "ಮಕ್ಕಳ ಆಟದ ಸಾಮಾನಾ?" ಅಂದರು. ಅಲ್ಲ, ನನ್ನದು, ಅಂದೆ. ಅಲ್ಲಿದ್ದ ನಾಲ್ಕೂ ಜನ ತಲೆಯೆತ್ತಿ ನೋಡಿದರು.

ನನ್ನ ಯೋಜನೆ ವಿನಯದ್ದೇ ಆಗಿತ್ತು. ಮಹಾಭಾರತದ ಲೆಕ್ಕದಲ್ಲಿ ಸೇನೆಯ ಅತಿ ಚಿಕ್ಕ ಘಟಕ 'ಪತ್ತಿ': ಒಂದು ರಥ, ಒಂದು ಆನೆ, ಮೂರು ಕುದುರೆ, ಐವರು ಕಾಲಾಳು. ಒಂದೇ ಒಂದು ಪತ್ತಿ ಸಾಕು ಅಂದುಕೊಂಡು ಯುಗಾದಿಗೆ ಶುರುಮಾಡಿದೆ. ಗೌರಿ ಹಬ್ಬದ ಹೊತ್ತಿಗೆ ಮುಗಿಯಿತು. ಐದು ತಿಂಗಳು. ಇದೇ ವೇಗದಲ್ಲಿ ಒಂದು ಅಕ್ಷೌಹಿಣಿ ಆಗಬೇಕಾದರೆ ಎಷ್ಟು ದಿನ ಬೇಕು ಅಂತ ಒಂದು ಮಧ್ಯಾಹ್ನ ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ಅಕ್ಷೌಹಿಣಿಗೆ 21,870 ಪತ್ತಿ. 9,112 ವರ್ಷ, ಮೇಲೆ ಆರು ತಿಂಗಳು. ಕುರುಕ್ಷೇತ್ರದ ಹದಿನೆಂಟೂ ಅಕ್ಷೌಹಿಣಿಗೆ 1,64,025 ವರ್ಷ. ಕಲಿಯುಗದ ಆಯಸ್ಸು 4,32,000 ವರ್ಷ. ಅಂದರೆ ಪ್ರಳಯಕ್ಕೆ ಮೊದಲೇ ಬಣ್ಣ ಒಣಗಿರುತ್ತದೆ. ಇದನ್ನು ಖುಷಿಯಿಂದ ಹೆಂಡತಿಗೆ ಹೇಳಿದೆ. ಅವಳು ಬಚ್ಚಲುಮನೆಯ ನಲ್ಲಿ ಸೋರುವುದು ಯಾವ ಯುಗದಲ್ಲಿ ನಿಲ್ಲುತ್ತದೆ ಅಂತ ಕೇಳಿದಳು.

ನನ್ನ ಪರವಾಗಿ ವಾದಿಸಲು ದೊಡ್ಡವರಿದ್ದಾರೆ. ಎಚ್. ಜಿ. ವೆಲ್ಸ್ ಅಂಥ ಮಹಾಶಯ 1913ರಲ್ಲಿ 'ಲಿಟಲ್ ವಾರ್ಸ್' ಅಂತ ಒಂದು ಪುಸ್ತಕವನ್ನೇ ಬರೆದ. ಆಟಿಕೆ ತೋಪಿನಿಂದ ಸಿಪಾಯಿಗಳನ್ನು ಉರುಳಿಸುವ ಆಟಕ್ಕೆ ನಿಯಮಗಳು. ಆಡುವವರ ವಯೋಮಿತಿ ನೂರೈವತ್ತು. ನನಗಿನ್ನೂ ತೊಂಬತ್ಮೂರು ವರ್ಷ ಬಾಕಿ ಇದೆ. (ಮರುವರ್ಷ ಯುರೋಪಿನ ದೊರೆಗಳು ಇದೇ ಆಟವನ್ನು ನಿಜವಾದ ತೋಪು ಇಟ್ಟುಕೊಂಡು ಆಡಿದರು, ಆ ಮಾತು ಬೇರೆ.) ಸಿನಿಮಾದಲ್ಲಿ ಡ್ರ್ಯಾಕುಲಾನನ್ನು ಕೊಲ್ಲುತ್ತಿದ್ದ ಪೀಟರ್ ಕುಶಿಂಗ್ ಕೂಡ ಮನೆಯಲ್ಲಿ ಕೂತು ಸಿಪಾಯಿಗಳಿಗೆ ಬಣ್ಣ ಹಚ್ಚುತ್ತಿದ್ದ. "ಅವನ ಹೆಂಡ್ತಿ ಏನಂತಿದ್ಳು?" ಅಂದಳು ಇವಳು. ಈ ದಿಕ್ಕಿನಲ್ಲಿ ನಾನು ಸಂಶೋಧನೆ ಮಾಡಿರಲಿಲ್ಲ.

ಕೆಲಸದ ಬಗ್ಗೆ ಹೆಚ್ಚು ಹೇಳಿ ಬೇಸರ ತರಿಸುವುದಿಲ್ಲ. ಮೊದಲು ಪ್ರೈಮರ್, ಆಮೇಲೆ ತೆಳು ಬಣ್ಣ ಎರಡು ಸಲ, ಆಮೇಲೆ ಸಂದುಗಳಲ್ಲಿ ಇಳಿಯುವ ಕಪ್ಪು ನೀರು, ಆಮೇಲೆ ಒಣಬ್ರಷ್ಷು ಸವರಿ ಉಬ್ಬಿದ ಕಡೆ ಬೆಳಕು. ಆಷಾಢದ ತೇವದಲ್ಲಿ ಪ್ರೈಮರ್ ಸಿಂಪಡಿಸಬಾರದು ಅಂತ ಬಲ್ಲವರು ಹೇಳುತ್ತಾರೆ. ಆಷಾಢದಲ್ಲಿ ಸಿಂಪಡಿಸಿದೆ. ಮೂರು ಕುದುರೆಗಳೂ ವಿಭೂತಿ ಬಳಿದುಕೊಂಡು ಸನ್ಯಾಸ ತೆಗೆದುಕೊಂಡವು. ಆನೆಗೆ ಮಾತ್ರ ನನ್ನ ಪ್ರಾಣ ಸುರಿದೆ. ಹೊಸಬರು ಆನೆಗೆ ಸಿಮೆಂಟಿನ ಬೂದಿ ಬಳಿದು ಕೈತೊಳೆದುಕೊಳ್ಳುತ್ತಾರೆ. ದಸರೆಯ ಆನೆಯನ್ನು ಹತ್ತಿರದಿಂದ ನೋಡಿ ಬೆಳೆದವನಿಗೆ ಗೊತ್ತು, ಕಿವಿಯ ಅಂಚಿನಲ್ಲಿ, ಸೊಂಡಿಲ ಬುಡದಲ್ಲಿ, ಬಣ್ಣ ಮಾಸಿ ಗುಲಾಬಿಯಾಗಿ ಚುಕ್ಕೆಚುಕ್ಕೆಯಾಗಿರುತ್ತದೆ. ಆ ಚುಕ್ಕೆಗಳಿಗೇ ನನಗೆ ಹನ್ನೊಂದು ಸಂಜೆ ಬೇಕಾದವು.

ಆನೆಯ ಹೊದಿಕೆ ಹೇಗಿರಬೇಕು ಅಂತ ನೋಡಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆ. ಬೇಗೂರಿನ ವೀರಗಲ್ಲು ಅಲ್ಲಿದೆ. ಪೋರಸ್ಸಿಗೂ ಅದಕ್ಕೂ ಸುಮಾರು 1,200 ವರ್ಷಗಳ ಅಂತರ. ಇರಲಿ, ಆನೆ ಆನೆಯೇ. ಕಲ್ಲಿನ ತುಂಬ ಯುದ್ಧ ಕಿಕ್ಕಿರಿದಿತ್ತು. ನೋಟ್‌ಬುಕ್ಕು ತೆಗೆದು ಗೀಚಿಕೊಳ್ಳುತ್ತಾ ನಿಂತೆ. ಎಷ್ಟು ಚೊಕ್ಕ ಕೆಲಸ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಜನರನ್ನು ಹೇಗೆ ನಿಲ್ಲಿಸಿದ, ನಮ್ಮವನೇ ಈ ಶಿಲ್ಪಿ, ಅಂತೆಲ್ಲ ಮನಸ್ಸಿನಲ್ಲೇ ಬೆನ್ನು ತಟ್ಟುತ್ತಿದ್ದೆ. ಕಲ್ಲಿನಲ್ಲಿರುವುದು ನಾಗತ್ತರನ ಸಾವು. ಗಂಗರ ಎರೆಯಪ್ಪನ ಕಡೆಯಿಂದ ವೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಸತ್ತವನು. ಅವನಿಗೂ ಮನೆಯಲ್ಲಿ ಯಾರೋ ಇದ್ದಿರಬೇಕು. ನನ್ನ ಡಬ್ಬಿಯಲ್ಲಿ ಸತ್ತವರು ಮುಂದಿನ ಭಾನುವಾರ ಎದ್ದು ನಿಲ್ಲುತ್ತಾರೆ. ಈತ ಸಾವಿರದ ನೂರು ವರ್ಷದಿಂದ ಅದೇ ದಿನದಲ್ಲಿ ಸಾಯುತ್ತಿದ್ದಾನೆ, ನಾನು ಅಂಚಿನ ವಿನ್ಯಾಸ ಕಾಪಿ ಹೊಡೆಯುತ್ತಿದ್ದೇನೆ. ಪೆನ್ಸಿಲ್ ಕಿಸೆಗೆ ಹಾಕಿಕೊಂಡು ಹೊರಗೆ ಬಂದು ಸ್ವಲ್ಪ ಹೊತ್ತು ಬಸ್‌ಸ್ಟಾಪಿನಲ್ಲಿ ಸುಮ್ಮನೆ ಕೂತೆ. ಎರಡು ದಿನ ಬ್ರಷ್ ಮುಟ್ಟಲಿಲ್ಲ.

ಮೂರನೇ ದಿನ ಮುಟ್ಟಿದೆ. ಹೊದಿಕೆಗೆ ಹಳದಿ, ಅಂಚಿಗೆ ಕೆಂಪು. ಬೇರೆ ಬಣ್ಣ ಹೊಳೆಯಲೇ ಇಲ್ಲ. "ಝೀಲಂ ದಡದಲ್ಲಿ ರಾಜ್ಯೋತ್ಸವಾನೇನಯ್ಯ?" ಅಂತ ನನ್ನ ಗೆಳೆಯ ಕೇಳಿದ್ದು ಆಮೇಲೆ.

ಇನ್ನು ಕಣ್ಣು.

ದೇವರ ವಿಗ್ರಹ ಕೆತ್ತುವವರು ಕಣ್ಣನ್ನು ಕೊನೆಗೆ ಬಿಡಿಸುತ್ತಾರೆ. ನೇತ್ರೋನ್ಮೀಲನ ಅಂತ ಅದಕ್ಕೊಂದು ಶಾಸ್ತ್ರ, ಮುಹೂರ್ತ. ನಾನು ಮುಹೂರ್ತ ನೋಡಲಿಲ್ಲ, ಅಲ್ಲೇ ಎಡವಟ್ಟಾಯಿತು. ಗೌರಿ ಹಬ್ಬದ ಹಿಂದಿನ ದಿನ ಸಂಜೆ, ಊಟದ ಮೇಜಿನ ಮೇಲೆ ಪೇಪರು ಹಾಸಿ, ಕನ್ನಡಕದ ಮೇಲೆ ತಲೆಪಟ್ಟಿಯ ಭೂತಗನ್ನಡಿ ಏರಿಸಿ, ಬಣ್ಣ ಒಣಗದಿರಲೆಂದು ಫ್ಯಾನ್ ಆರಿಸಿ ಕೂತಿದ್ದೆ. ಕೈಯಲ್ಲಿ 000 ನಂಬರಿನ ಬ್ರಷ್ಷು, ನನ್ನ ಹೈಸ್ಕೂಲಿನ ಮೂರು ಗಣಿತ ಪರೀಕ್ಷೆಗಳ ಅಂಕಗಳನ್ನು ಪಕ್ಕಪಕ್ಕ ಬರೆದ ಹಾಗೆ.

"ರೀ, ಬೇಳೆ ಇಟ್ಟಿದೀನಿ. ನಾಲ್ಕು ಕೂಗು. ನಾಲ್ಕಾದ್ಮೇಲೆ ಆಫ್ ಮಾಡಿ. ಹೂವು, ಬಾಳೆಲೆ ತಂದ್ಬಿಡ್ತೀನಿ."

"ಹೂಂ."

"ಹೂಂ ಅಂದ್ರೆ ಎಷ್ಟು?"

"ನಾಲ್ಕು."

ಅವಳು ಹೋದಳು. ಕುಕ್ಕರ್ ಒಂದು ಸಲ ಕೂಗಿತು. "ಒಂದು" ಅಂತ ಗಟ್ಟಿಯಾಗಿ ಹೇಳಿ ನನ್ನ ಜವಾಬ್ದಾರಿಯನ್ನು ಗೋಡೆಗಳಿಗೂ ತಿಳಿಸಿದೆ.

ಗ್ರೀಕರು ಪೋರಸ್ಸನ್ನು ಐದು ಮೊಳಕ್ಕೂ ಎತ್ತರದವನು ಅಂತ ಹೊಗಳಿದ್ದಾರೆ. ನನ್ನ ಮೇಜಿನ ಮೇಲೆ ಅಂಥವನ ಕಣ್ಣು ಅರ್ಧ ಗಸಗಸೆ ಕಾಳಿನಷ್ಟು. ಅದರೊಳಗೆ ಬಿಳಿ, ಬಿಳಿಯೊಳಗೆ ಕಂದು ಚುಕ್ಕೆ. ಚುಕ್ಕೆಗೆ ಬೇಕಾದ ಬಣ್ಣ ಬ್ರಷ್ಷಿನ ತುದಿಯಿಂದ ಕಣ್ಣಿನವರೆಗೆ ಪ್ರಯಾಣ ಮಾಡುವಷ್ಟರಲ್ಲೇ ಒಣಗುತ್ತದೆ. ಜಾಸ್ತಿ ತೆಗೆದುಕೊಂಡರೆ ಕಣ್ಣಿಗೆ ಬದಲು ಕೆನ್ನೆಗೆ ಇಳಿಯುತ್ತದೆ. ಹೆಬ್ಬೆರಳ ಉಗುರಿನ ಮೇಲೆ ಒಂದು ಸಲ ಇಟ್ಟು ನೋಡಬೇಕು, ಎರಡೂ ಮಣಿಕಟ್ಟು ಒಂದಕ್ಕೊಂದು ಒತ್ತಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ಎದೆ ಒಂದು ಸಲ ಬಡಿದು ಇನ್ನೊಂದು ಸಲ ಬಡಿಯುವ ನಡುವಿನ ಸಂದಿಯಲ್ಲಿ ಇಡಬೇಕು. ಎರಡನೇ ಕೂಗು ಬಂತು. "ಎರಡು." ಒಂದಕ್ಕೂ ಎರಡಕ್ಕೂ ನಡುವೆ ಎರಡು ನಿಮಿಷವಾಗಿತ್ತು. ಹಾಗಾದರೆ ಈಗ ನನಗೆ ಎರಡು ನಿಮಿಷದ ಮೌನ ಖಾತ್ರಿ. ಉಸಿರು ಬಿಟ್ಟೆ. ಎಡಗಣ್ಣಿಗೆ ಇಟ್ಟೆ.

ಪೋರಸ್ ನನ್ನನ್ನು ನೋಡಿದ.

ಉತ್ಪ್ರೇಕ್ಷೆಯಲ್ಲ. ಅಷ್ಟು ಹೊತ್ತು ಲೋಹವಾಗಿದ್ದವನು ಒಬ್ಬ ಯಾರೋ ಆದ. ಸ್ವಲ್ಪ ದಣಿದವನ ನೋಟ, ಮಗನ ರಥ ಎಲ್ಲಿ ಸಿಕ್ಕಿಕೊಂಡಿತು ಅಂತ ಕಾಯುತ್ತಿರುವವನ ಹಾಗೆ. ನನಗೆ ಗಂಟಲು ಕಟ್ಟಿತು. ಅಡುಗೆಮನೆಯ ಬಲ್ಬಿನ ಬೆಳಕಲ್ಲೂ ಹಿಡಿದು ನೋಡಿದೆ, ಕಿಟಕಿಯ ಬಳಿಯೂ ನೋಡಿದೆ. ಹಾಗೆ ಓಡಾಡಿದ್ದರಲ್ಲಿ ಒಂದು ನಿಮಿಷ ಹೋಯಿತು. ವಾಪಸ್ ಕೂತು ಬಲಗಣ್ಣಿಗೆ ಬ್ರಷ್ ಒಯ್ದೆ.

ಆಗ ಕುಕ್ಕರ್ "ಸುಸ್" ಅಂತು.

ಇದು ಕೂಗಲ್ಲ. ಕುಕ್ಕರ್ ಇಟ್ಟ ಮನೆಯವರಿಗೆಲ್ಲ ಗೊತ್ತು: ವೆಯ್ಟು ಸ್ವಲ್ಪ ಎದ್ದು, ಪಕ್ಕಕ್ಕೆ ವಾಲಿ, ಕೂಗಲೋ ಬೇಡವೋ ಅಂತ ಗೊಣಗಿ, ಮತ್ತೆ ಕೂರುತ್ತದೆ. ಬ್ರಷ್ ಗಾಳಿಯಲ್ಲಿ ನಿಂತಿತು. ಇದನ್ನು ಎಣಿಸಬೇಕೇ? ಎಣಿಸಿದರೆ ಮೂರು, ಎಣಿಸದಿದ್ದರೆ ಎರಡು. ಸಾಲದ ಬಡ್ಡಿಯಲ್ಲಾದರೆ ಅರ್ಧ ಅಂತ ಒಂದಿದೆ. ಅರ್ಧ ಅಂತಲೇ ಇಟ್ಟುಕೊಳ್ಳೋಣ, ಎರಡೂವರೆ. ಆದರೆ ಹಾಗಾದಾಗ ಮುಂದಿನದು ಮೂರೂವರೆ ಆಗುತ್ತದೆ, ಅದರ ಮುಂದಿನದು ನಾಲ್ಕೂವರೆ, ನಾಲ್ಕು ಅನ್ನುವ ಕೂಗು ಬರುವುದೇ ಇಲ್ಲವಲ್ಲ! ಇಂಥ ಪ್ರಶ್ನೆ ತರ್ಕಶಾಸ್ತ್ರದವರನ್ನು ಕಾಡಿಲ್ಲ ಯಾಕೆಂದರೆ ಅವರ ಹೆಂಡತಿಯರು ಅವರಿಗೆ ಬೇಳೆ ನಂಬಿ ಬಿಟ್ಟುಹೋಗುತ್ತಿರಲಿಲ್ಲ. ಬ್ರಷ್ಷಿನ ತುದಿ ಒಣಗುತ್ತಿತ್ತು. ಉಸಿರು ಹೊರಗೇ ಇತ್ತು, ಒಳಗೆ ಎಳೆದುಕೊಳ್ಳುವ ಹಾಗಿರಲಿಲ್ಲ. ಕಿವಿಯಲ್ಲಿ ರಕ್ತ ಹರಿಯುವ ಸದ್ದು, ಅದೋ ಕುಕ್ಕರಿನ ಸದ್ದೋ ಗೊತ್ತಾಗಲಿಲ್ಲ. ಬೆವರಿನ ಒಂದು ಹನಿ ಭೂತಗನ್ನಡಿಯ ಒಳಗೆ ಇಳಿದು ಪೋರಸ್ಸಿನ ಮುಖ ಪ್ರವಾಹದಲ್ಲಿ ಮುಳುಗಿದ ಹಾಗೆ ಕಂಡಿತು. ಆಗಲಿ ಅಂತ ಇಟ್ಟೇಬಿಟ್ಟೆ. ಕೂದಲು ಕಣ್ಣಿಗೆ ಮುಟ್ಟಿದ ಆ ಗಳಿಗೆಯಲ್ಲೇ ಕುಕ್ಕರ್, ಹಿಂದಿನ ಅರ್ಧದ ಬಾಕಿಯನ್ನೂ ಸೇರಿಸಿ, ಕೂಗಿತು.

ಬಲಗಣ್ಣಿನ ಗುಡ್ಡೆ ಕಿವಿಯ ಕಡೆಗೆ ಓಡಿತು.

ಎಡಗಣ್ಣು ನನ್ನನ್ನು ನೋಡುತ್ತಿತ್ತು. ಬಲಗಣ್ಣು ಅಡುಗೆಮನೆಯನ್ನು. ಸರಿಮಾಡೋಣ ಅಂತ ಬಿಳಿ ಹಚ್ಚಿದೆ, ಕಣ್ಣು ದೊಡ್ಡದಾಯಿತು. ಅದಕ್ಕೆ ಸಮವಾಗಲಿ ಅಂತ ಎಡಗಣ್ಣನ್ನೂ ದೊಡ್ಡದು ಮಾಡಿದೆ. ಕಣ್ಣಿಗೆ ತಕ್ಕ ಹುಬ್ಬು ಬೇಕಾಯಿತು. ಹುಬ್ಬಿಗೆ ತಕ್ಕ ಮೀಸೆ. ಅರ್ಧ ಗಂಟೆಯಲ್ಲಿ ಪೋರಸ್ ಯಕ್ಷಗಾನದ ಬಣ್ಣದ ವೇಷವಾಗಿದ್ದ, ಗುಡ್ಡೆಗಳು ಮಾತ್ರ ತಮ್ಮ ತಮ್ಮ ದಿಕ್ಕು ಬಿಡಲಿಲ್ಲ. ಸೀದ ವಾಸನೆ ಬರುತ್ತಿದೆ ಅಂತ ನನಗೂ ಒಂದು ಕಡೆ ಅನ್ನಿಸುತ್ತಿತ್ತು.

ಬಾಗಿಲು ತೆಗೆದ ಸದ್ದು.

"ಎಷ್ಟು ಕೂಗಾಯ್ತ್ರೀ?"

"ಎರಡೂವರೆ."

ತಳದ ಬೇಳೆ ಕರಕಲಾಗಿತ್ತು. ಯುದ್ಧಭೂಮಿಯ ಸುಟ್ಟ ಮಣ್ಣಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಗುವುದಿಲ್ಲ ಅಂತ ತಕ್ಷಣ ಹೊಳೆಯಿತು. ಹೇಳಲಿಲ್ಲ. ಅವಳು ಮಲಗಿದ ಮೇಲೆ ಎರಡು ಚಮಚ ತೆಗೆದಿಟ್ಟುಕೊಂಡೆ.

ಈಗ ಗೆಳೆಯನ ವಿಷಯ. ಅಲೆಕ್ಸಾಂಡರ್ ಅವನು. ಅವನ ಸೈನ್ಯಕ್ಕೆ ಒಂದು ತೊಟ್ಟು ಬಣ್ಣವಿಲ್ಲ. ಡಬ್ಬಿಯಿಂದ ಕತ್ತರಿಸಿ ಅಂಟಿಸಿದ ಬೂದಿ ಪ್ಲಾಸ್ಟಿಕ್ಕು ಹಾಗೇ ಮೇಜಿಗೆ ಬರುತ್ತದೆ. ನನಗೆ ಮೈ ಉರಿಯುವುದು ಇದಕ್ಕೇ. ಬಣ್ಣ ಹಚ್ಚದವರು ಉಳಿದ ಸಮಯದಲ್ಲಿ ನಿಯಮ ಓದುತ್ತಾರೆ, ಓದಿ ಗೆಲ್ಲುತ್ತಾರೆ. ನಾವು ಆಡುವುದು 1990ರಲ್ಲಿ ಬಂದ ಡಿಬಿಎ ನಿಯಮಗಳ ಪ್ರಕಾರ. ಒಂದೊಂದು ಕಡೆಗೆ ಹನ್ನೆರಡು ಫಲಕಗಳ ಸೈನ್ಯ, ಸರದಿ ಬಂದಾಗ ಒಂದು ದಾಳ, ದಾಳದಲ್ಲಿ ಬಿದ್ದಷ್ಟೇ ಗುಂಪುಗಳನ್ನು ನಡೆಸಬಹುದು, ನಾಲ್ಕು ಫಲಕ ಮೊದಲು ಕಳೆದುಕೊಂಡವನು ಸೋತ. ಇದನ್ನು ನಮ್ಮ ಬೀದಿಯ ಹುಡುಗರೂ ಹತ್ತು ನಿಮಿಷದಲ್ಲಿ ಕಲಿಯಬಹುದು. ಇವನಿಗೆ ಮಾತ್ರ ಪ್ರತಿ ವಾಕ್ಯದಲ್ಲೂ ಒಂದು ಮೊಕದ್ದಮೆ ಕಾಣುತ್ತದೆ. ಎರಡು ಮಿಲಿಮೀಟರಿಗೆ ಟೇಪ್ ತೆಗೆಯುತ್ತಾನೆ. ನನ್ನ ಆನೆಯನ್ನು ಮೊದಲ ಸಲ ನೋಡಿದಾಗ ಆ ಗುಲಾಬಿ ಚುಕ್ಕೆಗಳ ಬಗ್ಗೆ ಒಂದು ಮಾತಿಲ್ಲ. "ಪೋರಸ್ಸಿನ ಕಾಲದಲ್ಲಿ ಆನೆ ಮೇಲೆ ಗೋಪುರ ಎಲ್ಲಿತ್ತೋ? ಅದೆಲ್ಲ ಅಲೆಕ್ಸಾಂಡರ್ ಸತ್ತಮೇಲಿನ ಫ್ಯಾಷನ್ನು. ಕಿತ್ತುಹಾಕು." ಡಬ್ಬಿಯಲ್ಲಿ ಇತ್ತು, ಅಂಟಿಸಿದ್ದೆ. ಅವನು ಹೇಳಿದ್ದು ಸರಿ ಅನ್ನುವುದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಕಿತ್ತುಹಾಕಲಿಲ್ಲ.

ಆ ಗೋಪುರವೇ ಪೋರಸ್ಸನ್ನು ಉಳಿಸಿತು.

ಹೆಂಡತಿಯ ತವರು ಮೈಸೂರು. ನವರಾತ್ರಿಗೆ ಗೊಂಬೆ ಕೂರಿಸುತ್ತಾಳೆ, ವರ್ಷಕ್ಕೊಂದು ಹೊಸ ಗೊಂಬೆ ಸೇರಬೇಕು. ಈ ಸಲ ಪಾಡ್ಯದ ಬೆಳಿಗ್ಗೆ ನೋಡಿದರೆ ನನ್ನ ಕಪಾಟಿನಲ್ಲಿ ಆನೆ ಇಲ್ಲ. ಮೂರನೇ ಮೆಟ್ಟಿಲ ಮೇಲೆ, ಅರಮನೆಯ ರಟ್ಟಿನ ಮಾದರಿಯ ಮುಂದೆ, ಕಡ್ಲೆಕಾಳಿನ ಗಾತ್ರದ ಚೆಂಡುಹೂ ಮೊಗ್ಗೊಂದನ್ನು ತಲೆಯ ಮೇಲೆ ಇಟ್ಟುಕೊಂಡು ಜಂಬೂ ಸವಾರಿ ಹೊರಟಿತ್ತು.

"ಅಂಬಾರಿ ಇತ್ತಲ್ಲ, ಅದಕ್ಕೇ" ಅಂದಳು.

ಭಾನುವಾರ ಝೀಲಂ ಕದನ ಗೊತ್ತಾಗಿತ್ತು. ತೆಗೆದುಕೊಳ್ಳುತ್ತೇನೆ ಅಂದೆ. ಕೂರಿಸಿದ ಗೊಂಬೆಯನ್ನು ನಡುವೆ ತೆಗೆಯುವ ಹಾಗಿಲ್ಲ ಅಂದಳು. ಇದಕ್ಕೆ ಮೇಲ್ಮನವಿ ಇಲ್ಲ. ಸಂಜೆ ಬಂದ ಹೆಂಗಸರೆಲ್ಲ ಆನೆಯನ್ನು ಬಗ್ಗಿ ಬಗ್ಗಿ ನೋಡಿದರು, ಕಿವಿಯ ಚುಕ್ಕೆ ಎಷ್ಟು ಚೆನ್ನಾಗಿದೆ ಅಂದರು. ನಾನು ಕೋಣೆಯ ಬಾಗಿಲ ಹಿಂದೆ ನಿಂತು ಅದನ್ನೆಲ್ಲ ಕೇಳಿಸಿಕೊಂಡೆ. ಎದುರುಮನೆಯ ಅಜ್ಜಿ ಮಾತ್ರ ಪೋರಸ್ಸಿನ ಮುಖ ನೋಡಿ, "ಅಯ್ಯೋ, ಅಂಬಾರಿ ಮೇಲೆ ಮಹಿಷಾಸುರನ್ನ ಯಾಕಮ್ಮ ಕೂರ್ಸಿದೀಯಾ?" ಅಂದರು.

ಭಾನುವಾರ ಪೋರಸ್ಸಿನ ಜಾಗದಲ್ಲಿ ನಾನು ಚನ್ನಪಟ್ಟಣದ ಮರದಾನೆಯನ್ನು ಇಟ್ಟೆ, ಮಗಳು ಚಿಕ್ಕವಳಿದ್ದಾಗಿನದು, ಹಗ್ಗ ಕಟ್ಟಿ ಎಳೆಯುವಂಥದು. ಅದರ ಹೊಟ್ಟೆಯ ಕೆಳಗೆ ಅಲೆಕ್ಸಾಂಡರನ ಅರ್ಧ ಸೈನ್ಯ ನೆರಳಿಗೆ ನಿಲ್ಲಬಹುದಿತ್ತು. ಗೆಳೆಯ ಟೇಪ್ ಹಿಡಿದು ಸುತ್ತಲೂ ಅಳೆದ, ಬಗ್ಗಿ ಕೆಳಗೆ ನೋಡಿದ, ಪುಸ್ತಕ ತಿರುವಿದ.

"ಇದಕ್ಕೆ ಗಾಲಿ ಇದೆ."

"ಇದ್ರೆ?"

"ಗಾಲಿ ಇದ್ರೆ ಅದು ರಥ."

ನಾನು ವಾದಿಸಿದೆ. ಸೊಂಡಿಲು ತೋರಿಸಿದೆ. ಅವನು ಗಾಲಿ ತಿರುಗಿಸಿ ತೋರಿಸಿದ. ಹಿಂದಿನ ರಾತ್ರಿ ಮಳೆ ಬಂದಿತ್ತು, ಝೀಲಂ ದಡದ ಕೆಸರಿನಲ್ಲಿ ಪೋರಸ್ಸಿನ ಮಗ ತಂದ 120 ರಥಗಳೂ ಹೂತುಹೋದವು ಅಂತ ಏರಿಯನ್ ಬರೆದಿದ್ದಾನಲ್ಲ, ಆದ್ದರಿಂದ ಈ ರಥವೂ ಹೂತಿದೆ ಅಂದ. ಹೂತಿತು. ನಮ್ಮ ಸೈನ್ಯ ಅಲ್ಲಿಂದ ಮೇಲೆ ನಲವತ್ತು ನಿಮಿಷ ನಿಂತದ್ದೇ ಹೆಚ್ಚು. ನಿಜ ಹೇಳಬೇಕೆಂದರೆ ನಾನೇ ಸರಿಯಾಗಿ ಆಡಲಿಲ್ಲ. ಸಾಲ ತಂದ ಬೂದಿ ಪ್ಲಾಸ್ಟಿಕ್ಕಿನವರನ್ನೆಲ್ಲ ಮುಂದೆ ತಳ್ಳಿ, ನಾನು ಬಣ್ಣ ಹಚ್ಚಿದವರನ್ನು ಹಿಂದೆ ಹಿಂದೆ ಸರಿಸುತ್ತಿದ್ದೆ. ನೀಲಿ ಗಡ್ಡದವನಂತೂ ಇಡೀ ಯುದ್ಧ ಗುಡ್ಡದ ಹಿಂದೆ ಕಳೆದ. ಅವನ ಮುಖದ ಮುಂದೆ ಉಸಿರು ಬಿಗಿಹಿಡಿದು ನಾಲ್ಕು ಸಂಜೆ ಕೂತಿದ್ದೇನೆ, ದಾಳದಲ್ಲಿ ಒಂದು ಬಿತ್ತೆಂದು ಸಾಯಿಸಲೇ? ಈಟಿ ಎಸೆಯುವ ಹುಡುಗರು ಸುತ್ತಿಕೊಂಡಾಗ ಮರದಾನೆ ಉರುಳಿತು. ಗೆಳೆಯ "ಸಾರಿ" ಅನ್ನಲಿಲ್ಲ. ಕಾಫಿ ಇದೆಯಾ ಅಂದ.

ನನಗೆ ಬೇಸರವಾಗಲೇ ಇಲ್ಲ. ಆ ಕೋಣೆಯಲ್ಲಿ, ಮೂರನೇ ಮೆಟ್ಟಿಲ ಮೇಲೆ, ಪೋರಸ್ ಕ್ಷೇಮವಾಗಿದ್ದ. ಅವನ ಮುಂದೆ ಒಂದು ಬಟ್ಟಲು ಕಡಲೆಕಾಳು ಉಸಲಿ ಇತ್ತು.

ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಅವಳು ಪಟ್ಟದ ಗೊಂಬೆಗಳನ್ನು ಮಲಗಿಸಿದಳು. ಆಮೇಲೆ ಆನೆಯ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

"ಇದನ್ನೂ ಮಲಗಿಸ್ಲಾ?"

"ನಿಧಾನ, ಈಟಿ ಮುರೀತೆ" ಅಂದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ದೀಪಕ್ಕಿಟ್ಟಿದ್ದ ಹತ್ತಿಯಲ್ಲಿ ಒಂದಿಷ್ಟು ಹಿಂಜಿ ಕೆಳಗೆ ಹಾಸಿ, ಆನೆಯನ್ನು ಪಕ್ಕಕ್ಕೆ ವಾಲಿಸಿ ಮಲಗಿಸಿದಳು. ನಾನು ದೀಪ ಸಣ್ಣದು ಮಾಡಿದೆ. ಪೋರಸ್ ಮಲಗಿದ ಮೇಲೂ ಕಣ್ಣು ಬಿಟ್ಟೇ ಇದ್ದ, ಒಂದು ನನ್ನ ಕಡೆಗೆ, ಒಂದು ಅಡುಗೆಮನೆಯ ಕಡೆಗೆ.